ಬಲದ ಪೆಡಲು

ಹೆಸರಾಂತ ಕಂಪನಿಗಳ ಮೇಲೆ ನನಗಿದ್ದ ಸಿಟ್ಟಿಗೆ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಯಾವ ಕಂಪನಿಯೂ ನನಗೆ ಮೋಸ ಮಾಡಿರಲಿಲ್ಲ. ಮೋಸ ಹೋಗುವಷ್ಟು ಸಾಮಾನನ್ನು ನಾನು ಅವರಿಂದ ಕೊಂಡೇ ಇರಲಿಲ್ಲ. ಹಿಂದೂಪುರದಲ್ಲಿ ಮಗ್ಗ ರಿಪೇರಿ ಮಾಡಿಕೊಂಡಿದ್ದವನು ನಾನು. ಪವರ್‌ಲೂಮಿನ ಹಲ್ಲುಚಕ್ರ ಸವೆದಿದೆಯೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಹೇಳುತ್ತಿದ್ದೆ. ಹೇಳಿದ್ದು ಹೆಚ್ಚಾಗಿ ಸರಿಯಿರುತ್ತಿತ್ತು, ಅದರಿಂದಲೇ ತಲೆ ತಿರುಗಿತ್ತು. ಕಬ್ಬಿಣಕ್ಕೆ ಸಂಬಂಧಪಟ್ಟ ಯಾವ ವಿಷಯವನ್ನೂ ಇನ್ನೊಬ್ಬರ ಹತ್ತಿರ ಕೇಳುವ ಅಗತ್ಯ ನನಗಿಲ್ಲ ಎಂದು ಇಪ್ಪತ್ತಾರನೆಯ ವಯಸ್ಸಿಗೇ ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನದ ಬೆಲೆಯನ್ನು ತೆತ್ತವಳು ನನ್ನ ತಂಗಿ. ಇದರಲ್ಲಿ ಕೊನೆಗೆ ಯಾರಿಗೂ ಒಳ್ಳೆಯದಾಗುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ತಂಗಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ನಮ್ಮದು ನೇಯುವ ಮನೆ. ಅಪ್ಪ ಮಗ್ಗದಲ್ಲಿ ಕೂತರೆ ಊಟಕ್ಕಲ್ಲದೆ ಏಳುತ್ತಿರಲಿಲ್ಲ. ಹಾಗಾಗಿ ರೇಷ್ಮೆ ನೂಲು ತರುವುದು, ನೇಯ್ದ ಸೀರೆಯನ್ನು ಸಾಹುಕಾರರ ಮನೆಗೆ ಮುಟ್ಟಿಸುವುದು ತಂಗಿಯ ಪಾಲಿಗೆ ಬಂದಿತ್ತು. ಅಪ್ಪನದು ಗಂಡಸರ ಸೈಕಲ್ಲು, ಎತ್ತರದ್ದು, ಎಮ್ಮೆಯಷ್ಟು ಭಾರ. ಅವಳು ಅದರ ಮೇಲೆ ಕೂತು ಹೋಗುವುದನ್ನು ಕಂಡು ಬೀದಿಯ ಹೆಂಗಸರು ಮೊದಮೊದಲು ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ಅವರೇ, “ಮಾರ್ಕೆಟ್ ಕಡೆ ಹೋಯ್ತೀಯೇನಮ್ಮ? ನಮ್ಗೂ ಒಂದ್ ಕಟ್ಟು ಕೊತ್ತಂಬ್ರಿ ತಗಂಬಾ” ಎನ್ನತೊಡಗಿದರು.

ಅವಳ ಕಾಲಿನಲ್ಲಿ ಏನೋ ಇದೆ ಎಂದು ಮೊದಲು ಕಂಡುಹಿಡಿದವರು ಕಾಲೇಜಿನ ಪಿ.ಟಿ. ಮೇಡಂ. ಒಂದು ಭಾನುವಾರ ಅವಳನ್ನು ಸೋಮಂದೇಪಲ್ಲಿಯ ತನಕ ಸೈಕಲ್ಲಿನಲ್ಲಿ ಹೋಗಿಬರಲು ಹೇಳಿ ಕೈಗಡಿಯಾರ ಹಿಡಿದು ಗೇಟಿನಲ್ಲಿ ನಿಂತರಂತೆ. ಅವಳು ವಾಪಸು ಬಂದಾಗ ಗಡಿಯಾರ ನಿಂತುಹೋಗಿದೆ ಎಂದುಕೊಂಡು ಕಿವಿಯ ಹತ್ತಿರ ಹಿಡಿದು ನೋಡಿದರಂತೆ. ಇದನ್ನು ತಂಗಿ ಮನೆಯಲ್ಲಿ ಅಭಿನಯಿಸಿ ತೋರಿಸಿದಾಗ ಅಪ್ಪನೂ ನಕ್ಕಿದ್ದ.

ಜಿಲ್ಲೆಯ ಸೈಕಲ್ ಆಯ್ಕೆ ಓಟ ಆ ವರ್ಷ ನಮ್ಮೂರಿನಲ್ಲೇ ನಡೆಯುವುದಿತ್ತು. ಹುಡುಗಿಯರಲ್ಲಿ ಮೊದಲು ಬಂದವಳಿಗೆ ಒಂದು ಸರ್ಟಿಫಿಕೇಟು. ಅದೊಂದಿದ್ದರೆ ವ್ಯಾಯಾಮ ಶಿಕ್ಷಕಿಯ ತರಬೇತಿಗೆ ಕ್ರೀಡಾ ಕೋಟಾದಲ್ಲಿ ಸೀಟು ಕೊಡಿಸುತ್ತೇನೆ ಎಂದು ಮೇಡಂ ಮನೆಗೇ ಬಂದು ಹೇಳಿದರು. ಅಪ್ಪ ಮಗ್ಗ ನಿಲ್ಲಿಸಿ ಕೇಳಿಸಿಕೊಂಡ. ಅವರು ಹೋದ ಮೇಲೆ ಒಂದೇ ಮಾತು ಹೇಳಿದ.

“ಸೀಟು ಬಂದ್ರೆ ಓದ್ಲಿ, ನಾನು ಅಡ್ಡ ಬರಾಕಿಲ್ಲ. ಬರ್ಲಿಲ್ಲಾಂದ್ರೆ ಕಲ್ಯಾಣದುರ್ಗಕ್ಕೆ ಮಾತು ಕೊಟ್ಬುಡ್ತೀನಿ.”

ಕಲ್ಯಾಣದುರ್ಗವೆಂದರೆ ಅತ್ತೆಯ ಮನೆ. ಅಪ್ಪನ ಅಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಮಾವನದು ಸೈಕಲ್ ಅಂಗಡಿ, ಒಬ್ಬನೇ ಮಗ. ಭಾವ ಒಳ್ಳೆಯವನೇ, ಬೀಡಿ ಸಹ ಸೇದುತ್ತಿರಲಿಲ್ಲ. ತಂಗಿಗೆ ಅವನ ಮೇಲೆ ಯಾವ ದೂರೂ ಇರಲಿಲ್ಲ. “ಭಾವ ಒಳ್ಳೇರೇ ಕಣಣ್ಣ” ಎಂದಿದ್ದಳು ನನ್ನ ಹತ್ತಿರ. “ಆದ್ರೆ ಅಲ್ಲಿಗೆ ಹೋದ್ರೆ ಮುಗೀತು. ಜೀವನ ಪೂರ್ತಿ ಗಲ್ಲಾಪೆಟ್ಗೆ ಮುಂದೆ ಕೂತ್ಕಂಡು ಬ್ಯಾರೇರು ಸೈಕಲ್ ಹೊಡೆಯಾದ್ ನೋಡ್ಬೇಕು.”

ಅಪ್ಪನ ಸೈಕಲ್ಲಿನಲ್ಲಿ ಓಟಕ್ಕೆ ಇಳಿಯುವುದು ಆಗದ ಮಾತು. ಗಾಂಧಿ ಸರ್ಕಲ್ಲಿನ ಹತ್ತಿರದ ದೊಡ್ಡ ಅಂಗಡಿಯಲ್ಲಿ ಕುರಿಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲೊಂದನ್ನು ಸೂರಿಗೆ ನೇತುಹಾಕಿದ್ದರು. ತಂಗಿ ಅದರ ಕೆಳಗೆ ನಿಂತು ಮೇಲೆ ನೋಡಿದಳು. ಅದನ್ನು ಕೊಳ್ಳುವ ಯೋಗ್ಯತೆ ನಮಗಿರಲಿಲ್ಲ. ಹಾಗೆಂದು ಒಪ್ಪಿಕೊಂಡಿದ್ದರೆ ಆಗುತ್ತಿತ್ತು. ನಾನು ಅದನ್ನು ತತ್ವ ಮಾಡಿಕೊಂಡೆ. “ಬಣ್ಣಕ್ಕೂ ಸ್ಟಿಕ್ಕರಿಗೂ ದುಡ್ಡು ಇಸ್ಕಂತಾರೆ ಕಣಮ್ಮ. ಒಳಗಿರೋ ಕಬ್ಣ ಎಲ್ಲಾ ಒಂದೇ. ನಾನೇ ಜೋಡಿಸ್ಕೊಡ್ತೀನಿ, ನೋಡ್ತಿರು” ಎಂದೆ.

ಗುಜರಿಯಲ್ಲಿ ಹಳೆಯ ಫ್ರೇಮೊಂದು ಸಿಕ್ಕಿತು. ಯಾರೋ ಬೆಂಗಳೂರಿನ ಕಡೆಯವರು ಬಿಟ್ಟುಹೋದ ರೇಸ್ ಸೈಕಲ್ಲಿನದು, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಅದರ ಜೊತೆಗೆ ಎಡಗಡೆಯ ಕ್ರ್ಯಾಂಕು ಸಹ ಉಳಿದಿತ್ತು. ಕ್ರ್ಯಾಂಕೆಂದರೆ ಪೆಡಲನ್ನು ಹಿಡಿದುಕೊಂಡಿರುವ ತೋಳು. ಆ ತೋಳಿಗೆ ತುಕ್ಕು ಹಿಡಿದು ಅಂಟಿಕೊಂಡೇ ಹೋಗಿದ್ದ ಒಂದು ಪೆಡಲು, ಅಂಚಿಗೆ ಹಲ್ಲುಗಳಿದ್ದು ಪಾದವನ್ನು ಬಿಗಿಯಲು ಚರ್ಮದ ಪಟ್ಟಿಯಿದ್ದ ಅಸಲು ರೇಸ್ ಪೆಡಲು. ತಿರುಗಿಸಿ ಬಿಚ್ಚಲು ನೋಡಿದೆ, ಅಲ್ಲಾಡಲಿಲ್ಲ. ಸೀಮೆಎಣ್ಣೆ ಹಾಕಿ ಬೇರಿಂಗಿನ ಗುಂಡು ಬದಲಾಯಿಸಿ ಹಾಗೆಯೇ ಬಿಟ್ಟೆ. ಅವತ್ತು ಅದು ಕಳಚಿ ಬಂದಿದ್ದರೆ, ಎಡದ ಪೆಡಲಿನ ಮರೆ, ಎಂದರೆ ತಿರುಪಿನ ಸುರುಳಿ, ಉಲ್ಟಾ ಸುತ್ತಿರುತ್ತದೆ ಎಂಬ ಸಣ್ಣ ಸಂಗತಿ ನನಗೆ ತಿಳಿದುಬಿಡುತ್ತಿತ್ತು. ಮಗ್ಗದಲ್ಲಿ ನಾನು ಬಿಚ್ಚಿದ ಮರೆಗಳೆಲ್ಲ ಒಂದೇ ಕಡೆ ತಿರುಗುತ್ತಿದ್ದವು.

ಮಿಕ್ಕ ಸಾಮಾನು ಆರಿಸಲು ಎರಡು ತಿಂಗಳು ಹಿಡಿಯಿತು. ಆಗಿನ ಅಂಗಡಿಗಳಲ್ಲಿ ಮೂರು ಥರದ ಮಾಲು ಇರುತ್ತಿತ್ತು. ಮೊದಲನೆಯದು ಕಂಪನಿ ಮಾಲು. ಎರಡನೆಯದು ಕಂಪನಿಯ ಹೆಸರಿನಲ್ಲಿ ಒಂದಕ್ಷರ ಮಾತ್ರ ಬದಲಾಯಿಸಿ, ಅದೇ ಬಣ್ಣದ ಡಬ್ಬಿಯಲ್ಲಿ ಹಾಕಿದ್ದು. ಇದನ್ನು ನಾನು ಮುಟ್ಟುತ್ತಲೂ ಇರಲಿಲ್ಲ. ಹೆಸರು ಕದ್ದವನು ಉಕ್ಕನ್ನು ಬಿಡುತ್ತಾನೆಯೇ? ಮೂರನೆಯದು ಡಬ್ಬಿಯೇ ಇಲ್ಲದೆ ಗ್ರೀಸು ಬಳಿದು ಕಂದು ಕಾಗದದಲ್ಲಿ ಸುತ್ತಿ ಗೋಣಿಚೀಲದಲ್ಲಿ ಬರುತ್ತಿದ್ದ ಲೂಧಿಯಾನಾ ಮಾಲು. ಯಾರು ಮಾಡಿದರೋ, ಯಾವ ಗಲ್ಲಿಯಲ್ಲಿ ಮಾಡಿದರೋ. ನನ್ನ ಪ್ರೀತಿ ಇದರ ಮೇಲೆ. ಹೆಸರೇ ಇಲ್ಲದವನಿಗೆ ಸುಳ್ಳು ಹೇಳಲು ಬಾಯಿಯೂ ಇರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಹಾಗೆಂದು ಕಣ್ಣು ಮುಚ್ಚಿ ಕೊಳ್ಳುತ್ತಿರಲಿಲ್ಲ. ಗುಂಡುಗಳನ್ನು ಒಂದೊಂದಾಗಿ ಕಡಪ ಕಲ್ಲಿನ ಮೇಲೆ ಬೀಳಿಸುತ್ತಿದ್ದೆ. ಟಣ್ಣೆಂದು ಎಗರಿದ್ದು ಇಟ್ಟುಕೊಂಡು, ಸಪ್ಪೆಯಾಗಿ ಬಿದ್ದದ್ದು ಬಿಡುತ್ತಿದ್ದೆ. ಚೈನನ್ನು ಅಡ್ಡಡ್ಡಲಾಗಿ ಹಿಡಿದು ಎಷ್ಟು ಜೋಲುತ್ತದೆ ನೋಡುತ್ತಿದ್ದೆ. ಫ್ರೀವೀಲನ್ನು ಕಿವಿಯ ಹತ್ತಿರ ತಿರುಗಿಸುತ್ತಿದ್ದೆ. ಹದಿನಾರು ಹಲ್ಲಿನ ಫ್ರೀವೀಲೊಂದಕ್ಕಾಗಿ ಇಪ್ಪತ್ತಮೂರನ್ನು ತಿರುಗಿಸಿ ಕೇಳಿದ್ದು ನೆನಪಿದೆ. ರಿಮ್ಮನ್ನು ಅಂಗಡಿಯ ನೆಲದ ಮೇಲೆ ಉರುಳಿಸಿ ಅದರ ಹಿಂದೆಯೇ ನಡೆಯುತ್ತಿದ್ದೆ. ಅಂಗಡಿಯವನಿಗೆ ಸಾಕುಸಾಕಾಗಿ, “ಏಮಯ್ಯಾ, ಪೆಳ್ಳಿಚೂಪುಲಾ ಇವಿ?” ಎಂದು ಕೇಳಿದ, ಹೆಣ್ಣು ನೋಡಲು ಬಂದಿದ್ದೀಯಾ ಎಂದು. ತಂಗಿ ಪಕ್ಕದಲ್ಲೇ ನಿಂತಿದ್ದಳು. ನಗು ತಡೆಯಲಾರದೆ ಬೀದಿಗೆ ಓಡಿದಳು.

ಕಡ್ಡಿ ಕಟ್ಟಿ, ಬೆಂಡು ತೆಗೆದು, ಚಕ್ರ ಕೂರಿಸಿದ ದಿನ ಅವಳು ಮೊದಲ ಸಲ ಹತ್ತಿ ರೈಲ್ವೆ ಗೇಟಿನ ತನಕ ಹೋಗಿಬಂದಳು. ಇಳಿದವಳೇ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಮೇಲೆ, “ಸೈಕಲ್ಲೇ ಇಲ್ಲದಂಗೆ ಐತಣ್ಣ” ಎಂದಳು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಈ ಜನ್ಮದಲ್ಲಿ ಸಿಕ್ಕಿಲ್ಲ, ಇನ್ನು ಸಿಗುವ ಹಾಗೂ ಇಲ್ಲ. ದಿನವೂ ಬೆಳಿಗ್ಗೆ ಸೋಮಂದೇಪಲ್ಲಿ ರಸ್ತೆಯಲ್ಲಿ ಹೊಡೆದು ಬಂದು, ಹಳೆಯ ಬಟ್ಟೆಯಲ್ಲಿ ಅದರ ಒಂದೊಂದು ಮೂಲೆಯನ್ನೂ ಒರೆಸಿ, ಆಮೇಲೆ ಕಾಲೇಜಿಗೆ ಹೋಗುತ್ತಿದ್ದಳು.

ಬಲಗಡೆಗೆ ಹಳೆಯ ರಬ್ಬರ್ ಪೆಡಲೊಂದನ್ನು ಹಾಕಿದ್ದೆ. ಅದರಲ್ಲೇ ಅವಳು ಅಷ್ಟು ದಿನವೂ ಓಡಿಸಿದ್ದಳು. ಆದರೆ ಎಡಕ್ಕೆ ರೇಸ್ ಪೆಡಲು, ಬಲಕ್ಕೆ ಹಾಲಿನವನ ಸೈಕಲ್ಲಿನ ಪೆಡಲು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಓಟದ ದಿನ ಹತ್ತಾರು ಊರಿನವರು ನೋಡುತ್ತಾರೆ. “ಇದೇ ಸಾಕು ಕಣಣ್ಣ, ಚೆನ್ನಾಗೇ ಐತಲ್ಲ” ಎಂದಳು ತಂಗಿ. ಸುಮ್ಮನಿದ್ದರೆ ನಾನೇಕೆ ನಾನಾಗುತ್ತಿದ್ದೆ. ಹಿಂದೂಪುರದಲ್ಲಿ ಅಂಥ ಪೆಡಲು ಸಿಗಲಿಲ್ಲವಾಗಿ ಕಲ್ಯಾಣದುರ್ಗದ ಮಾವನಿಗೆ ಒಂದು ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ‘ಹಲ್ಲಿರುವ ರೇಸ್ ಪೆಡಲು ಒಂದು. ಬಲದ್ದು ಬೇಕು. ಹೆಸರಿಲ್ಲದಿದ್ದರೂ ಪರವಾಗಿಲ್ಲ.’ ಇಷ್ಟೇ ಬರೆದದ್ದು.

ಓಟಕ್ಕೆ ಮೂರು ದಿನವಿರುವಾಗ ತೆಲುಗು ಪೇಪರಿನಲ್ಲಿ ಸುತ್ತಿದ ಪೆಡಲು ಬಂತು. ನೋಡಿದರೆ ಸಂತೋಷವಾಗುವಂಥ ಮಾಲು. ಗಟ್ಟಿ ಆಕ್ಸೆಲ್ಲು, ಹೊಸ ಚರ್ಮದ ಪಟ್ಟಿ, ತಿರುಗಿಸಿದರೆ ಸದ್ದೇ ಇಲ್ಲ. ಹೆಸರೂ ಇಲ್ಲ. ಆಕ್ಸೆಲ್ಲಿನ ತುದಿಯಲ್ಲಿ ಮಾತ್ರ ಇಂಗ್ಲಿಷಿನ ‘ಎಲ್’ ಅಕ್ಷರ ಒತ್ತಿತ್ತು. ತಂಗಿ ಬೆರಳಿಟ್ಟು ಕೇಳಿದಳು.

“ಇದೇನಣ್ಣ, ಎಲ್ಲು?”

“ಲೂಧಿಯಾನಾ” ಎಂದೆ. “ಹೆಸರು ಹಾಕ್ಕಳ್ಳೋ ಅಷ್ಟು ಗತಿಯಿಲ್ಲ ಪಾಪ, ಊರಿನ್ ಅಕ್ಷರ ಒತ್ತವ್ರೆ.”

ಎಷ್ಟು ಸಲೀಸಾಗಿ ಹೇಳಿದೆ! ಹೆಸರುಗಳನ್ನು ನಂಬದ ನಾನು ಒಂದಕ್ಷರವನ್ನು ನನಗೆ ಬೇಕಾದ ಹಾಗೆ ಓದಿಕೊಂಡು ನಂಬಿದೆ.

ಪೆಡಲು ಕೂರಲಿಲ್ಲ. ಒಂದು ಸುತ್ತೂ ಹಿಡಿಯದೆ ಜಾರುತ್ತಿತ್ತು. ಅರ ತಂದು ತುದಿಯ ಮರೆಯನ್ನು ತೀಡಿದೆ. ಎಣ್ಣೆ ಬಿಟ್ಟೆ. ಸ್ಪ್ಯಾನರಿಗೆ ಮೊಳದುದ್ದದ ಪೈಪು ಸಿಕ್ಕಿಸಿ, ಕಾಲನ್ನು ಫ್ರೇಮಿಗೆ ಕೊಟ್ಟು ಎಳೆದೆ. ಕಬ್ಬಿಣ ಕರಕರ ಎಂದಿತು. ಆ ಸದ್ದು ನನಗೆ ಗೊತ್ತಿತ್ತು. ಮಗ್ಗದಲ್ಲಿ ಕೇಳಿದ್ದರೆ ತಕ್ಷಣ ಕೈ ತೆಗೆಯುತ್ತಿದ್ದೆ. ಈಗಲೂ ಬೇರೆ ಎಲ್ಲವನ್ನೂ ನನಗೆ ನಾನೇ ಮನ್ನಿಸಿಕೊಳ್ಳಬಲ್ಲೆ, ಆ ಸದ್ದನ್ನು ಕೇಳಿಯೂ ಎಳೆದದ್ದನ್ನು ಮಾತ್ರ ಆಗುವುದಿಲ್ಲ. ಸೈಕಲ್ಲನ್ನು ಹಿಡಿದುಕೊಂಡು ನಿಂತಿದ್ದ ತಂಗಿ, “ಯಾಕಣ್ಣ ಇಷ್ಟು ಬಿಗಿ?” ಎಂದಳು. “ಹೊಸದಲ್ವಾ” ಎಂದೆ. ಅವಳು ಹ್ಯಾಂಡಲ್ಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಪೆಡಲು ಮೂರು ಸುತ್ತು ಒಳಗೆ ಹೋಗಿ ಕಚ್ಚಿಕೊಂಡಿತು. ಕೈಯಲ್ಲಿ ಅಲ್ಲಾಡಿಸಿದೆ, ಅಲ್ಲಾಡಲಿಲ್ಲ. ಮುಂದಿನ ಎರಡು ಬೆಳಿಗ್ಗೆ ಅವಳು ಅದನ್ನೇ ತುಳಿದಳು. ಏನೂ ಆಗಲಿಲ್ಲ.

ಓಟ ಹಿಂದೂಪುರದಿಂದ ಸೋಮಂದೇಪಲ್ಲಿಗೆ ಹೋಗಿ ವಾಪಸು. ಏಳು ಜನ ಹುಡುಗಿಯರು. ನಾನು ಊರು ಇನ್ನೇನು ಬಂತು ಎನ್ನುವಲ್ಲಿರುವ ಏರಿನಲ್ಲಿ ಹುಣಸೆಮರದ ಕೆಳಗೆ ನಿಂತಿದ್ದೆ. ಅವಳು ಒಬ್ಬಳೇ ಬಂದಳು. ಹಿಂದೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಯಾರೂ ಇರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಏರು ಶುರುವಾದಾಗ ಅವಳು ಸೀಟಿನಿಂದೆದ್ದು ಪೆಡಲುಗಳ ಮೇಲೆ ನಿಂತಳು. ಎರಡು ತುಳಿತ, ಮೂರು ತುಳಿತ. ಬಲಗಡೆಗೆ ಒಂದೇ ಸಲ ಕುಸಿದು ಸೈಕಲ್ಲಿನ ಸಮೇತ ರಸ್ತೆಗೆ ಬಿದ್ದಳು.

ಓಡಿದೆ. ಪೆಡಲು ಕ್ರ್ಯಾಂಕಿನಿಂದ ಕಿತ್ತುಬಂದಿತ್ತು, ಆದರೆ ಚರ್ಮದ ಪಟ್ಟಿ ಬಿಗಿದಿದ್ದರಿಂದ ಅವಳ ಪಾದಕ್ಕೇ ಅಂಟಿಕೊಂಡಿತ್ತು. ನಾನು ಹತ್ತಿರ ಬರುವಷ್ಟರಲ್ಲಿ ಎದ್ದಿದ್ದಳು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. “ಮುಟ್ಬೇಡಣ್ಣ, ಮುಟ್ಟಿದ್ರೆ ತೆಗೆದುಬುಡ್ತಾರೆ ಓಟದಿಂದ” ಎಂದು ಕಿರುಚಿ ಮತ್ತೆ ಹತ್ತಿದಳು. ಬಲಗಾಲಿನಲ್ಲಿ ಪೆಡಲನ್ನು ನೇತಾಡಿಸಿಕೊಂಡು, ಎಡಗಾಲೊಂದರಿಂದಲೇ ತುಳಿಯುತ್ತಾ, ಮೇಲೆಳೆಯುತ್ತಾ, ಏರಿನ ಅರ್ಧದ ತನಕ ಹೋದಳು. ಅಲ್ಲಿ ಸೈಕಲ್ಲು ನಿಂತಿತು. ಒಬ್ಬಳು ಹಿಂದಿಕ್ಕಿ ಹೋದಳು, ಇನ್ನಿಬ್ಬರು ಹೋದರು. ತಂಗಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆದಳು. ಕಾಲಿಟ್ಟಾಗಲೆಲ್ಲ ಪೆಡಲು ಟಾರಿಗೆ ತಾಗಿ ಟಕ್ ಎನ್ನುತ್ತಿತ್ತು. ನಾನು ಹತ್ತು ಮಾರು ಹಿಂದೆ, ಮುಟ್ಟದೆ, ಅದನ್ನು ಕೇಳುತ್ತಾ ನಡೆದೆ.

ಗೆರೆ ದಾಟಿದ ಮೇಲೆ ಅವಳು ಪಟ್ಟಿ ಬಿಚ್ಚಿ ಪೆಡಲನ್ನು ನನ್ನ ಕೈಗೆ ಕೊಟ್ಟಳು. ಮೇಡಂ ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು.

ಮನೆಯಲ್ಲಿ ಅಪ್ಪ ಏನಾಯಿತೆಂದು ಕೇಳಿದಾಗ, “ಮಾಲು ಸರಿಯಿಲ್ಲ” ಎಂದೆ.

“ಮಾವನ ಅಂಗಡಿ ಮಾಲಿಗೇ ಹೆಸರಿಡ್ತೀಯೇನ್ಲಾ?” ಎಂದ ಅಪ್ಪ.

ಹೌದು, ಹೆಸರಿಟ್ಟೆ. ಹೆಸರಿಲ್ಲದ ಮಾಲನ್ನು ಊರೆಲ್ಲ ಹೊಗಳಿಕೊಂಡು ತಿರುಗಿದವನು ಆ ದಿನ ನನ್ನ ಮಾನ ಉಳಿಸಿಕೊಳ್ಳಲು ಅದಕ್ಕೇ ಹೆಸರಿಟ್ಟೆ. ತಂಗಿ ಗೋಡೆಗೆ ಒರಗಿ ಕೂತು ಮೊಣಕೈಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದಳು. ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದಳು, ಅಷ್ಟೇ.

ಅಪ್ಪ ಆಡಿದ ಮಾತಿನಂತೆ ನಡೆದುಕೊಂಡ. ಮದುವೆಯ ಹಿಂದಿನ ದಿನ ಬಳೆ ತೊಡಿಸಿಕೊಂಡು ಕೂತಿದ್ದ ತಂಗಿಯನ್ನು, “ನಿಂಗೆ ಒಪ್ಗೇನಾ?” ಎಂದು ಕೇಳಿದೆ. ಕೇಳುವ ಕಾಲ ಮುಗಿದ ಮೇಲೆ ಕೇಳುವುದು ಸುಲಭ. “ನೀವೆಲ್ಲ ನೋಡ್ಮಾಡಿ ಮಾಡ್ತಿದೀರ, ಸರಿಯಾಗೇ ಇರ್ತದೆ ಬಿಡಣ್ಣ” ಎಂದಳು.

ಮದುವೆಯ ನಂತರ ಮೊದಲ ಸಲ ಕಲ್ಯಾಣದುರ್ಗಕ್ಕೆ ಹೋದಾಗ ಮಾವ ಅಂಗಡಿಯಲ್ಲಿ ಸ್ಟೂಲು ಹಾಕಿ ಕೂರಿಸಿದರು. ಅವರಿಗೆ ಆ ಪೆಡಲಿನ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು.

“ಅದೆಂಗಪ್ಪ ಕಿತ್ಕಂಡ್ ಬಂತು? ಮಂಚಿ ಬಲಮೈಂದೇ ಏರಿ ಪಂಪಿನಾ ಗದಪ್ಪಾ. ಇದ್ದಿದ್ರಲ್ಲಿ ಗಟ್ಟಿ ಆಕ್ಸೆಲ್‌ದು ನಾನೇ ಆರ್ಸಿ ಕಳಿಸ್ದೆ. ಬಲದ್ದು ಬೇಕು ಅಂತ ನೀನೇ ಬರ್ದಿದ್ದೆ.”

ನಮ್ಮ ಮನೆಯಲ್ಲಿ ಬಲವೆಂದರೆ ಎಡವಲ್ಲದ್ದು. ತೆಲುಗಿನಲ್ಲಿ ಬಲವೆಂದರೆ ಶಕ್ತಿ ಮಾತ್ರ. ಬಲಗಡೆಗೆ ಅವರು ಕುಡಿ ಎನ್ನುತ್ತಾರೆ. ನಮ್ಮಲ್ಲಿ ಕುಡಿ ಎಂದರೆ ಲೋಟ ಖಾಲಿ ಮಾಡು ಎಂದು. ಮಾವ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರು, ಆದರೆ ಅಂಗಡಿಯ ಮೆಟ್ಟಿಲು ಹತ್ತಿದರೆ ಅವರ ತಲೆ ತೆಲುಗಿಗೆ ಹೊರಳುತ್ತಿತ್ತು. ನನ್ನ ಚೀಟಿಯನ್ನು ಅವರು ಅಲ್ಲೇ ಓದಿದ್ದರು. “ಯಾವ ಕಡೇದು ಅಂತ ನೀನು ಬರೀಲಿಲ್ಲ” ಎಂದು ಮಾವ ಮುಂದುವರಿಸಿದರು. “ಕಡೆ ಹೇಳ್ದೆ ಒಂದೇ ಪೆಡ್ಲು ಕೇಳಿದ್ರೆ ಅದು ಎಡದ್ದೇ ಕಣಪ್ಪ. ಎಲ್ರೂ ಹತ್ತೋವಾಗ ತುಳಿಯೋದು ಅದನ್ನೇ ಅಲ್ವಾ, ಅದೇ ಮೊದ್ಲು ಹೋಗೋದು.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸ್ಟೂಲಿನ ಮೇಲೆ ಕೂತಲ್ಲೇ ನನಗೆ ಎಲ್ ಅಕ್ಷರವೂ ಕರಕರ ಸದ್ದೂ ಒಟ್ಟಿಗೆ ಅರ್ಥವಾದವು. ಉಲ್ಟಾ ಮರೆಯ ಎಡದ ಪೆಡಲನ್ನು ನಾನು ಬಲಕ್ಕೆ ತುರುಕಿದ್ದೆ. ಒಳಗೆ ತಂಗಿ ಅತ್ತೆಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎದ್ದುಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಆ ವರ್ಷವೂ ಹೇಳಲಿಲ್ಲ, ಆಮೇಲಿನ ವರ್ಷಗಳಲ್ಲೂ ಹೇಳಲಿಲ್ಲ. ಅವಳು ಹೆಸರಿಲ್ಲದ ಮಾಲನ್ನೇ ದೂರುತ್ತಾ ಇರಲಿ ಎಂದು ಬಿಟ್ಟೆ. ಆ ಸೈಕಲ್ಲು ನಮ್ಮ ಮನೆಯಲ್ಲೇ ಉಳಿಯಿತು. ಅದರ ಚೈನು ಜೋಲಿಲ್ಲ, ರಿಮ್ಮು ಬಾಗಿಲ್ಲ, ಫ್ರೀವೀಲು ಮೊದಲಿನ ಹಾಗೇ ಟಿಕ್‌ಟಿಕ್ ಎನ್ನುತ್ತದೆ. ನಾನು ಆರಿಸಿದ ಒಂದು ಸಾಮಾನೂ ಕೈಕೊಡಲಿಲ್ಲ, ಕೈಕೊಟ್ಟವನು ನಾನು.

ತೊಂಬತ್ತರ ದಶಕದ ನಡುವೆ ಮಾವ ತೀರಿಕೊಂಡರು. ಭಾವ ಹಳ್ಳಿಗಳ ಅಂಗಡಿಗಳಿಗೆ ಮಾಲು ಹಾಕಲು ತಿರುಗುತ್ತಿದ್ದ. ಅಂಗಡಿಯಲ್ಲಿ ತಂಗಿ ಕೂರುತ್ತಿದ್ದಳು, ಗಲ್ಲಾಪೆಟ್ಟಿಗೆಯ ಮುಂದೆ, ತಾನೇ ಹೇಳಿದ್ದ ಹಾಗೆ. ಮೈ ತುಂಬಿಕೊಂಡಿತ್ತು. ಸುತ್ತ ಅಷ್ಟೊಂದು ಸೈಕಲ್ಲುಗಳಿದ್ದರೂ ಅವಳು ಒಂದನ್ನೂ ಹತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಕುಂದುರ್ಪಿಯ ಕಡೆಯ ರೈತನೊಬ್ಬ ಪೆಡಲು ಕೇಳಿಕೊಂಡು ಬಂದ. ತಂಗಿ ಯಾವ ಕಡೆಯದೆಂದು ಎರಡೂ ಭಾಷೆಯಲ್ಲಿ ಕೇಳಿದಳು. ಎಡದ್ದು ಎಂದ. ಒಂದನ್ನು ತೆಗೆದು ಆಕ್ಸೆಲ್ಲಿನ ತುದಿಯನ್ನು ಅವನ ಕಣ್ಣಿನ ಹತ್ತಿರ ಹಿಡಿದಳು.

“ಇಲ್ನೋಡಪ್ಪ, ಎಲ್ಲು. ಎಲ್ ಅಂದ್ರೆ ಲೂಧಿಯಾನಾ ಅಲ್ಲ, ಎಡ. ಇದು ಉಲ್ಟಾ ತಿರುಗ್ತದೆ. ಬಿಗಿಯಾದ್ರೆ ಬಲವಂತ ಮಾಡ್ಬೇಡ, ವಾಪಸ್ ತಗಂಬಾ.”

ನನ್ನ ಕಡೆ ನೋಡಲಿಲ್ಲ. ದಿನವೂ ಎಲ್ಲರಿಗೂ ಹೇಳುವ ಮಾತಿನಂತೆ ಹೇಳಿದಳು. ಅವನು ದುಡ್ಡು ಕೊಟ್ಟು ಹೋಗುವ ತನಕ ಕಾದೆ.

“ನಿಂಗ್ ಯಾವಾಗ ಗೊತ್ತಾಯ್ತು?” ಎಂದೆ.

“ಪೈಪು ಹಾಕ್ದಾಗ್ಲೇ ಅನ್ನಿಸ್ತು. ಎಡದ ಪೆಡ್ಲಲ್ಲೂ ಅದೇ ಎಲ್ ಇತ್ತಲ್ಲ, ದಿನಾ ಒರೆಸ್ತಿದ್ದೆ. ನೀನು ಬಿಚ್ಚಿಟ್ಟ ರಬ್ಬರ್ ಪೆಡ್ಲಲ್ಲಿ ಆರ್ ಅಂತಿತ್ತು.”

“ಮತ್ಯಾಕೆ ಹೇಳ್ಲಿಲ್ಲ?”

ಅವಳು ಗ್ರೀಸಾದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು.

“ಅಣ್ಣ ನೋಡ್ಮಾಡಿ ಹಾಕ್ತಾವ್ನೆ, ಸರಿಯಾಗೇ ಇರ್ತದೆ ಅನ್ಕಂಡೆ.”

ಬಾಗಿಲಿಗೆ ಇನ್ನೊಬ್ಬ ಗಿರಾಕಿ ಬಂದಿದ್ದ. ತಂಗಿ ಅತ್ತ ತಿರುಗಿ, “ಏಂ ಕಾವಾಲನ್ನಾ?” ಎಂದು ಕೇಳಿದಳು. ಏನು ಬೇಕಣ್ಣಾ ಎಂದು ಅವಳು ಕೇಳಿದ ಆ ಅಣ್ಣ ನಾನಲ್ಲ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು.